ಕಮ್ಯುನಿಟಿ ಕಾಲೇಜಿನಿಂದ ಬಂದವಳಿಗೆ ಸೊರೊರಿಟಿಯಲ್ಲಿ ಜಾಗ ಇದೆಯಾ?

ಸೊರೊರಿಟಿ ಎಂದರೆ ಹೈಸ್ಕೂಲು ಮುಗಿಸಿ ನೇರ ಯೂನಿವರ್ಸಿಟಿಗೆ ಬಂದ ಹದಿನೆಂಟರ ಹುಡುಗಿಯರಿಗೆ ಮಾತ್ರ ಎಂಬ ನಂಬಿಕೆ ಅಮೆರಿಕದಲ್ಲೂ ಇದೆ, ಅಲ್ಲಿ ನೆಲೆಸಿರುವ ನಮ್ಮವರಲ್ಲೂ ಇದೆ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜಿನಲ್ಲಿ, ಓದಿ ಬಂದವಳು, ಶಾಲೆಗೆ ಹೋಗದೆ ಮನೆಯಲ್ಲೇ ಓದಿದವಳು, ಹೈಸ್ಕೂಲು ಅರ್ಧಕ್ಕೆ ಬಿಟ್ಟು ಅದಕ್ಕೆ ಸಮಾನವಾದ ಜಿಇಡಿ ಪರೀಕ್ಷೆ ಬರೆದವಳು, ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿ ವಿಮಾನ ಹತ್ತಿದವಳು ಅರ್ಜಿ ತೆರೆದು ನೋಡಿ, ‘ಇದು ನಮ್ಮಂಥವರಿಗಲ್ಲ’ ಎಂದು ಮುಚ್ಚಿಬಿಡುವುದುಂಟು. ನಿಯಮ ಓದಿ ನೋಡಿದರೆ ಇವರಲ್ಲಿ ಹೆಚ್ಚಿನವರು ಅರ್ಹರೇ. ಎಡವುವುದು ಅರ್ಜಿಯ ಎರಡು ಕಾಲಂಗಳಲ್ಲಿ. ನೀನು ಯಾವ ವರ್ಷದ ವಿದ್ಯಾರ್ಥಿನಿ? ನಿನ್ನ ಜಿಪಿಎ, ಅಂದರೆ 4.0 ಅಳತೆಯ ಸರಾಸರಿ ಅಂಕ, ಎಷ್ಟು?

ಊರಿನಲ್ಲಿ ಕೂತು ಓದುತ್ತಿರುವವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಸೊರೊರಿಟಿ ಅಂದರೆ ಅಮೆರಿಕದ ಕಾಲೇಜು ಹುಡುಗಿಯರ ಸಂಘ. ಹೆಸರು ಗ್ರೀಕ್ ಅಕ್ಷರಗಳಲ್ಲಿರುತ್ತದೆ. ದೊಡ್ಡ ಕ್ಯಾಂಪಸ್‌ಗಳಲ್ಲಿ ಎಷ್ಟೋ ಸಂಘಗಳಿಗೆ ಸ್ವಂತ ಮನೆ, ಅಡುಗೆಯವರು, ಊಟದ ಹಾಲ್ ಎಲ್ಲ ಇರುತ್ತದೆ. ಒಮ್ಮೆ ದೀಕ್ಷೆ ಆಯಿತೆಂದರೆ ಜೀವನಪೂರ್ತಿ ಸದಸ್ಯೆ. ಇವತ್ತಿನ ಪೈ ಬೀಟಾ ಫೈ 1867ರಲ್ಲಿ ಇಲಿನಾಯ್ ರಾಜ್ಯದ ಮನ್ಮತ್ ಕಾಲೇಜಿನಲ್ಲಿ ಶುರುವಾಯಿತು. ಕಪ್ಪಾ ಆಲ್ಫಾ ಥೀಟಾ 1870ರಲ್ಲಿ ಇಂಡಿಯಾನಾದಲ್ಲಿ. ಹೆಣ್ಣುಮಕ್ಕಳು ಕಾಲೇಜಿಗೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಲು ಮಾಡಿಕೊಂಡ ಏರ್ಪಾಡು ಅದು. 1902ರಲ್ಲಿ ಹುಟ್ಟಿದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎರಡು ಡಜನ್‌ಗೂ ಹೆಚ್ಚು ದೊಡ್ಡ ಸೊರೊರಿಟಿಗಳನ್ನು ಒಂದೇ ನಿಯಮದ ಕೆಳಗೆ ತಂದಿತು. ಸಿನಿಮಾಗಳಲ್ಲಿ, ಟಿಕ್‌ಟಾಕ್‌ನಲ್ಲಿ ನೀವು ನೋಡುವುದು ಸಾಮಾನ್ಯವಾಗಿ ಇವರನ್ನೇ.

ಗ್ರೀಕ್ ಅಕ್ಷರ ಇದ್ದ ಮಾತ್ರಕ್ಕೆ ಸೊರೊರಿಟಿ ಆಗುವುದಿಲ್ಲ. ಕಮ್ಯುನಿಟಿ ಕಾಲೇಜಿನವರ ಅಂಚೆಪೆಟ್ಟಿಗೆಗೆ ಫೈ ಥೀಟಾ ಕಪ್ಪಾದಿಂದ ಪತ್ರ ಬಂದರೆ ಅದು ಒಳ್ಳೆ ಅಂಕ ಪಡೆದವರನ್ನು ಸೇರಿಸಿಕೊಳ್ಳುವ ಗೌರವ ಸಂಘ. 1918ರಿಂದ ಇದೆ. ಸೇರಿದರೆ ಮುಂದೆ ಸ್ಕಾಲರ್‌ಶಿಪ್‌ಗೆ ಅನುಕೂಲ. ಆದರೆ ಅದಕ್ಕೂ ಸೊರೊರಿಟಿಗೂ ಸಂಬಂಧವಿಲ್ಲ. ಅದನ್ನು ಸೇರಿದ್ದೀರಿ ಅಂತ ಇದಕ್ಕೆ ಅಡ್ಡಿಯೂ ಇಲ್ಲ.

ಇನ್ನೊಂದು ಮಾತು. ಕರ್ನಾಟಕದಿಂದ ಎಂಎಸ್ ಮಾಡಲು ಹೋಗುವವರಿಗೆ ಈ ಪ್ಯಾನ್‌ಹೆಲೆನಿಕ್ ರಿಕ್ರೂಟ್‌ಮೆಂಟ್, ಅಂದರೆ ಹೊಸ ಸದಸ್ಯೆಯರ ಆಯ್ಕೆ, ಅನ್ವಯಿಸುವುದಿಲ್ಲ. ಇದು ಡಿಗ್ರಿ ಓದುವವರಿಗಾಗಿ ಇರುವುದು.

ಒಂದು ವಾರದ ಲೆಕ್ಕಾಚಾರ

ಹುಡುಗಿಯರು ಈ ಆಯ್ಕೆಯನ್ನು ‘ರಷ್’ ಅನ್ನುತ್ತಾರೆ. ಕಾಲೇಜಿನ ಕಚೇರಿಯವರು ರಿಕ್ರೂಟ್‌ಮೆಂಟ್ ಅನ್ನುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ, ತರಗತಿ ಶುರುವಾಗುವ ಹೊತ್ತಿಗೆ ನಡೆಯುತ್ತದೆ. ಅಲಬಾಮಾ ಯೂನಿವರ್ಸಿಟಿಯೊಂದರಲ್ಲೇ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು ಇದಕ್ಕೆ ನಿಲ್ಲುತ್ತಾರೆ. ಕೆಲವು ಕಾಲೇಜುಗಳು ಇದನ್ನು ಜನವರಿಗೆ ಮುಂದೂಡಿ, ಒಂದು ಸೆಮಿಸ್ಟರ್ ಓದಿದವರಿಗೆ ಮಾತ್ರ ಅವಕಾಶ ಕೊಡುತ್ತವೆ.

ಮೊದಲ ಸುತ್ತಿನಲ್ಲಿ ಎಲ್ಲ ಮನೆಗಳಿಗೂ, ಅಂದರೆ ಅಲ್ಲಿನ ಎಲ್ಲ ಸೊರೊರಿಟಿಗಳಿಗೂ, ಹೋಗಬೇಕು. ಬಿಸಿಲಲ್ಲಿ ಸಾಲಾಗಿ ನಿಂತಿರುತ್ತೀರಿ. ಬಾಗಿಲು ತೆರೆಯುತ್ತದೆ. ಒಳಗೆ ಹತ್ತಾರು ಹುಡುಗಿಯರು ಚಪ್ಪಾಳೆ ತಟ್ಟಿ ಹಾಡುತ್ತಿರುತ್ತಾರೆ. ಒಬ್ಬಳು ನಿಮ್ಮನ್ನು ಕರೆದುಕೊಂಡು ಹೋಗಿ ಮಾತಿಗೆ ಕೂರುತ್ತಾಳೆ. ಐದಾರು ನಿಮಿಷಕ್ಕೆ ಇನ್ನೊಬ್ಬಳು ಬಂದು ಅವಳ ಜಾಗ ಹಿಡಿಯುತ್ತಾಳೆ. ಹಾಲ್ ತುಂಬ ಇದೇ ನಡೆಯುತ್ತಿರುತ್ತದೆ. ಗಲಾಟೆಯಲ್ಲಿ ನಿಮ್ಮ ಹೆಸರನ್ನೇ ಎರಡು ಸಲ ಕೂಗಿ ಹೇಳಬೇಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ಮುಂದಿನ ಮನೆ. ಆ ದಿನ ಮುಗಿದ ಮೇಲೆ ಮನೆಯವರು ತಮಗೆ ಬೇಕಾದವರನ್ನು ಆರಿಸುತ್ತಾರೆ. ನೀವೂ ನಿಮಗೆ ಇಷ್ಟವಾದ ಮನೆಗಳನ್ನು ಆರಿಸುತ್ತೀರಿ. ಸುತ್ತಿನಿಂದ ಸುತ್ತಿಗೆ ಪಟ್ಟಿ ಚಿಕ್ಕದಾಗುತ್ತ ಹೋಗಿ, ಕೊನೆಗೆ ಎರಡೋ ಮೂರೋ ಮನೆ ಉಳಿಯುತ್ತವೆ. ಆಗ ನೀವು ಅವನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ನಮ್ಮ ಸಿಇಟಿ ಆಪ್ಷನ್ ಎಂಟ್ರಿಯನ್ನು ನೆನೆಸಿಕೊಳ್ಳಿ. ವ್ಯತ್ಯಾಸ ಏನೆಂದರೆ ಇಲ್ಲಿ ಮನೆಯವರೂ ನಿಮಗೆ ರ‍್ಯಾಂಕ್ ಕೊಡುತ್ತಾರೆ, ನೀವೂ ಮನೆಗಳಿಗೆ ರ‍್ಯಾಂಕ್ ಕೊಡುತ್ತೀರಿ. ಎರಡೂ ಪಟ್ಟಿ ತಾಳೆ ನೋಡಿ ನಿಮಗೊಂದು ‘ಬಿಡ್’ ಬರುತ್ತದೆ, ಅಂದರೆ ಆಹ್ವಾನ.

ಹೊರಗಿನವರಿಗೆ ಕಾಣದ ಸಂಗತಿಯೊಂದಿದೆ. ಯಾವ ಮನೆ ಯಾವ ಸುತ್ತಿಗೆ ಎಷ್ಟು ಜನರನ್ನು ವಾಪಸ್ ಕರೆಯಬಹುದು ಎಂಬುದನ್ನು ಆ ಮನೆಯವರು ತಮ್ಮಿಷ್ಟದಂತೆ ತೀರ್ಮಾನಿಸುವ ಹಾಗಿಲ್ಲ. ಹಿಂದಿನ ವರ್ಷಗಳಲ್ಲಿ ಕರೆದವರ ಪೈಕಿ ಎಷ್ಟು ಜನ ಮರಳಿ ಬಂದರು ಎಂಬ ಲೆಕ್ಕದ ಮೇಲೆ ಪ್ಯಾನ್‌ಹೆಲೆನಿಕ್‌ನ ತಜ್ಞರು ಸಂಖ್ಯೆ ಕೊಡುತ್ತಾರೆ. ಎಲ್ಲರೂ ಬಯಸುವ ಮನೆಗೆ ಸಣ್ಣ ಸಂಖ್ಯೆ ಬರುತ್ತದೆ. ಹಾಗಾಗಿ ದೊಡ್ಡ ಕ್ಯಾಂಪಸ್ಸಿನಲ್ಲಿ ಅಂಥ ಮನೆ ಮೊದಲ ಸುತ್ತು ಮುಗಿಯುತ್ತಿದ್ದಂತೆ ನೂರಾರು ಹೆಸರು ಕೈಬಿಡಲೇಬೇಕು. ಹದಿನೈದು ನಿಮಿಷ ಮಾತಾಡಿದ ಮುಖಗಳಲ್ಲಿ ಯಾರನ್ನು ಬಿಡುವುದು? ಅತಿ ಸುಲಭದ ಜರಡಿ ಅಂಕ. ಹೆಚ್ಚಿನ ಮನೆಗಳಿಗೆ 2.5ರಿಂದ 3.0ರ ಆಸುಪಾಸಿನಲ್ಲಿ ಕನಿಷ್ಠ ಜಿಪಿಎ ಇರುತ್ತದೆ, ಕೆಲವಕ್ಕೆ ಇನ್ನೂ ಜಾಸ್ತಿ. ಮಿತಿಗಿಂತ ಕೆಳಗಿದ್ದರೆ ನಿಮ್ಮ ಮಾತು ಎಷ್ಟು ಚೆನ್ನಾಗಿದ್ದರೂ ಹೆಸರು ಉಳಿಯುವುದು ಕಷ್ಟ. ಕಾಲಂ ಖಾಲಿ ಇದ್ದರೆ? ಅಥವಾ ತಪ್ಪು ಸಂಖ್ಯೆ ಇದ್ದರೆ? ಬೇರೆ ದಾರಿ ಹಿಡಿದು ಬಂದ ಹುಡುಗಿಯರು ಪೆಟ್ಟು ತಿನ್ನುವುದು ಇಲ್ಲೇ.

ಯಾವ ಜಿಪಿಎ?

ನೇರ ಬಂದವಳಿಗೆ ಈ ಪ್ರಶ್ನೆಯೇ ಇಲ್ಲ. ಹೈಸ್ಕೂಲಿನ ಜಿಪಿಎ ಬರೆದರೆ ಮುಗಿಯಿತು. ಉಳಿದವರ ಕಥೆ ಒಂದೊಂದೂ ಬೇರೆ.

ಕಮ್ಯುನಿಟಿ ಕಾಲೇಜಿನಿಂದ ಟ್ರಾನ್ಸ್‌ಫರ್ ಆದವಳನ್ನು ತೆಗೆದುಕೊಳ್ಳಿ. ಕ್ಯುಪರ್ಟಿನೊದ ಡಿ ಆನ್ಜಾದಂಥ ಕಾಲೇಜಿನಲ್ಲಿ ಎರಡು ವರ್ಷ ಓದಿ, 3.7 ಪಡೆದು, ದೊಡ್ಡ ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಬಂದಿದ್ದಾಳೆ ಅಂದುಕೊಳ್ಳಿ. ಹೊಸ ಯೂನಿವರ್ಸಿಟಿಯ ದಾಖಲೆಯಲ್ಲಿ ಅವಳ ಕ್ರೆಡಿಟ್‌ಗಳು, ಅಂದರೆ ಓದಿ ಮುಗಿಸಿದ ಕೋರ್ಸುಗಳ ಲೆಕ್ಕ, ಬಂದಿರುತ್ತವೆ. ಆದರೆ ಜಿಪಿಎ ಬಹಳ ಕಡೆ ಜೊತೆಗೆ ಬರುವುದಿಲ್ಲ. ಅಲ್ಲಿ ಅದು ಸೊನ್ನೆಯಿಂದ ಶುರು. ಪೋರ್ಟಲ್‌ನಲ್ಲಿ ನೋಡಿದರೆ ಜಿಪಿಎ ಜಾಗದಲ್ಲಿ 0.00 ಅಂತ ಇರಬಹುದು! ಅದನ್ನೇ ಬರೆದರೆ ಕೆಟ್ಟಿತು. ಹಳೆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಅಪ್‌ಲೋಡ್ ಮಾಡಿ, ಅದರಲ್ಲಿರುವ ಒಟ್ಟು ಜಿಪಿಎ ಬರೆಯಬೇಕು. ಹಳೆ ಕಾಲೇಜುಗಳು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಕೇಳುವುದುಂಟು. ಅಂಕ ಪರಿಶೀಲಿಸಲು ನಿಮ್ಮ ಒಪ್ಪಿಗೆಯ ಸಹಿ ಬೇಕು, ಏಕೆಂದರೆ ಅಮೆರಿಕದ 1974ರ ಕಾನೂನಿನ ಪ್ರಕಾರ ವಿದ್ಯಾರ್ಥಿಯ ದಾಖಲೆಯನ್ನು ಕಾಲೇಜು ಸುಮ್ನೆ ಹೊರಗೆ ಕೊಡುವಂತಿಲ್ಲ. ಆ ಒಪ್ಪಿಗೆಯ ಬಾಕ್ಸಿಗೆ ಟಿಕ್ ಹಾಕದೆ ಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕ್ರೆಡಿಟ್ ಗಳಿಸಿದವಳದು ಇದಕ್ಕೆ ಉಲ್ಟಾ. ಟೆಕ್ಸಾಸ್‌ನಲ್ಲಿ ಇಂಥವರು ಬಹಳ. ಹದಿನೆಂಟಕ್ಕೆ ಅರವತ್ತು ಕ್ರೆಡಿಟ್ ಕೈಯಲ್ಲಿ. ಕ್ರೆಡಿಟ್ ಲೆಕ್ಕದಲ್ಲಿ ಮೂರನೇ ವರ್ಷ, ವಯಸ್ಸಿನಲ್ಲಿ ಮೊದಲನೇ ವರ್ಷ. ಬಹಳಷ್ಟು ಕ್ಯಾಂಪಸ್‌ಗಳು ಹೈಸ್ಕೂಲು ಮುಗಿದ ಮೇಲಿನ ಓದನ್ನು ಮಾತ್ರ ಪರಿಗಣಿಸಿ, ಇವಳನ್ನು ಫಸ್ಟ್ ಇಯರ್ ಎಂದೇ ನೋಡುತ್ತವೆ. ಕೆಲವು ಹಾಗೆ ನೋಡುವುದಿಲ್ಲ. ಇವಳಿಗೆ ಇದು ದೊಡ್ಡ ವಿಷಯ. ಫಸ್ಟ್ ಇಯರ್ ಎಂದಾದರೆ ಹೈಸ್ಕೂಲಿನ 3.9 ಲೆಕ್ಕಕ್ಕೆ ಬರುತ್ತದೆ. ಅಲ್ಲದಿದ್ದರೆ ಹದಿನಾರನೇ ವಯಸ್ಸಿನಲ್ಲಿ ಕಾಲೇಜು ಕೆಮಿಸ್ಟ್ರಿಯಲ್ಲಿ ಬಂದ ಸಿ ಗ್ರೇಡೂ ಎಣಿಕೆಗೆ ಬರುತ್ತದೆ.

ಮನೆಯಲ್ಲಿ ಓದಿದವಳು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಅದು ಕಾನೂನುಬದ್ಧ. ಅಪ್ಪ ಅಮ್ಮ ತಯಾರಿಸಿದ ಟ್ರಾನ್ಸ್‌ಕ್ರಿಪ್ಟನ್ನು ಯೂನಿವರ್ಸಿಟಿ ಪ್ರವೇಶಕ್ಕೆ ಒಪ್ಪಿದೆ ಅಂದಮೇಲೆ ಅದನ್ನೇ ಇಲ್ಲೂ ಕೊಡಬಹುದು.

ಜಿಇಡಿ ಬರೆದವಳಿಗೆ ಮಾತ್ರ ನಿಜವಾದ ತೊಡಕು. ಆ ಪರೀಕ್ಷೆಯಲ್ಲಿ ನಾಲ್ಕು ವಿಷಯ, ಪ್ರತಿಯೊಂದಕ್ಕೂ 100ರಿಂದ 200ರವರೆಗಿನ ಅಂಕ, ಪಾಸಾಗಲು 145. ಜಿಪಿಎ ಎಂಬುದೇ ಇಲ್ಲ. ಜಿಇಡಿ ಆದಮೇಲೆ ಒಂದೆರಡು ಸೆಮಿಸ್ಟರ್ ಕಮ್ಯುನಿಟಿ ಕಾಲೇಜಿನಲ್ಲಿ ಓದಿದ್ದರೆ ಆ ಜಿಪಿಎ ಸಾಕು, ಹಳೆಯದನ್ನು ಯಾರೂ ಕೇಳುವುದಿಲ್ಲ. ಓದಿಲ್ಲದಿದ್ದರೆ ಆಗಸ್ಟ್‌ನಲ್ಲಿ ಹಟ ಹಿಡಿಯುವುದಕ್ಕಿಂತ ಒಂದು ಸೆಮಿಸ್ಟರ್ ಚೆನ್ನಾಗಿ ಓದಿ ಜನವರಿಯಲ್ಲಿ ಪ್ರಯತ್ನಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನು ದ್ವಿತೀಯ ಪಿಯುಸಿ, ಸಿಬಿಎಸ್‌ಇ ಅಥವಾ ಎನ್‌ಐಒಎಸ್ ಅಂಕಪಟ್ಟಿ ಹಿಡಿದು ಬಂದವರು. ಅರ್ಜಿಯ ಕಾಲಂ 4.0 ಅಳತೆಯದು. ನಿಮ್ಮ ಹತ್ತಿರ ಇರುವುದು 600ಕ್ಕೆ 540. ಇಂಟರ್ನೆಟ್ಟಿನಲ್ಲಿ ಸಿಗುವ ಪರಿವರ್ತನೆಯ ಸೂತ್ರ ಹಾಕಿ ನೀವೇ ಒಂದು ಸಂಖ್ಯೆ ಬರೆಯಬೇಡಿ. 90 ಶೇಕಡಾವನ್ನು ನಾಲ್ಕರಿಂದ ಗುಣಿಸಿ ನೂರರಿಂದ ಭಾಗಿಸಿದರೆ 3.6 ಬರುತ್ತದೆ, ಆದರೆ ನಮ್ಮಲ್ಲಿ 90 ಪಡೆಯುವುದೂ ಅಲ್ಲಿ 3.6 ಪಡೆಯುವುದೂ ಒಂದೇ ಅಲ್ಲ. ಅಂಕಪಟ್ಟಿಯನ್ನು ಹಾಗೇ ಕಳಿಸಿ, ಏನು ಬರೆಯಬೇಕೆಂದು ಕಚೇರಿಯನ್ನು ಕೇಳಿ. ಪ್ರವೇಶದ ಸಮಯದಲ್ಲಿ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿದ್ದರೆ ಆ ವರದಿಯೇ ಸಾಕು.

ಆ ಕಚೇರಿ ಯಾವುದು? ಯೂನಿವರ್ಸಿಟಿಯಲ್ಲಿ ಫ್ರೆಟರ್ನಿಟಿ (ಹುಡುಗರ ಸಂಘ) ಮತ್ತು ಸೊರೊರಿಟಿ ವ್ಯವಹಾರ ನೋಡಿಕೊಳ್ಳುವ ಕಚೇರಿ ಒಂದಿರುತ್ತದೆ. ಅಲ್ಲಿಗೆ ಮೇಲ್ ಬರೆಯಿರಿ. ಸೊರೊರಿಟಿಯಲ್ಲಿರುವ ಅಕ್ಕನ ಗೆಳತಿಯನ್ನು ಕೇಳಿದರೆ ಅವಳಿಗೆ ತನ್ನ ಅನುಭವ ಮಾತ್ರ ಗೊತ್ತು. ಮೇಲ್‌ನಲ್ಲಿ ಕಥೆ ಹೇಳಬೇಡಿ. ಹೈಸ್ಕೂಲು ಯಾವಾಗ ಮುಗಿಯಿತು, ಎಲ್ಲಿ ಎಷ್ಟು ಕ್ರೆಡಿಟ್ ಆಗಿದೆ, ಈಗ ಎಷ್ಟು ಕ್ರೆಡಿಟ್‌ಗೆ ಸೇರಿದ್ದೀರಿ ಎಂದು ಮೂರು ಸಾಲಿನಲ್ಲಿ ಬರೆದು, ‘ರಿಕ್ರೂಟ್‌ಮೆಂಟ್‌ಗೆ ನನ್ನನ್ನು ಯಾವ ವರ್ಷದವಳೆಂದು ಎಣಿಸುತ್ತೀರಿ, ಯಾವ ಜಿಪಿಎ ನೋಡುತ್ತೀರಿ’ ಎಂದು ಕೇಳಿ. ಉತ್ತರ ಬರಹದಲ್ಲಿರಲಿ. ಟ್ರಾನ್ಸ್‌ಫರ್ ಪ್ರವೇಶದ ಉತ್ತರ ತಡವಾಗಿ ಬರುತ್ತದೆ, ಹಳೆ ಕಾಲೇಜಿನ ಕೊನೆಯ ಗ್ರೇಡ್‌ಗಳು ಅದಕ್ಕೂ ತಡ. ಅಷ್ಟರಲ್ಲಿ ನೋಂದಣಿಯ ದಿನ ಮುಗಿದುಹೋಗುವ ಅಪಾಯ ಇರುವುದರಿಂದ ಈ ಮೇಲ್ ಬೇಸಿಗೆಯ ಶುರುವಿನಲ್ಲೇ ಹೋಗಬೇಕು.

ಜೂನಿಯರ್ ಆದವಳ ಕಷ್ಟ

ನಿಯಮದಲ್ಲಿ ಸಾಮಾನ್ಯವಾಗಿ ವಯಸ್ಸಿನ ಮಿತಿ ಇಲ್ಲ. ಕಾಲೇಜಿನ ಲೆಕ್ಕದಲ್ಲಿ ಡಿಗ್ರಿ ವಿದ್ಯಾರ್ಥಿನಿಯಾಗಿದ್ದು, ಬೇರೆ ಪ್ಯಾನ್‌ಹೆಲೆನಿಕ್ ಸೊರೊರಿಟಿಯಲ್ಲಿ ದೀಕ್ಷೆ ಆಗಿರದಿದ್ದರೆ ಸಾಕು. ಪೂರ್ಣಾವಧಿ, ಅಂದರೆ ಸೆಮಿಸ್ಟರಿಗೆ 12 ಕ್ರೆಡಿಟ್, ಇರಬೇಕು ಅಂತ ಎಷ್ಟೋ ಕಡೆ ಕೇಳುತ್ತಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಅದು ಹೇಗೂ ಕಡ್ಡಾಯ.

ಆದರೆ ಅರ್ಹತೆ ಬೇರೆ, ಆಯ್ಕೆ ಬೇರೆ ಅಲ್ವಾ. ಮೂರನೇ ವರ್ಷದವಳನ್ನು (ಅಮೆರಿಕದಲ್ಲಿ ಅವಳನ್ನೇ ‘ಜೂನಿಯರ್’ ಅನ್ನುವುದು) ಮನೆಯವರು ಹಿಂದೆಮುಂದೆ ನೋಡಿಯೇ ಕರೆಯುವುದು. ಇದರಲ್ಲಿ ಗತ್ತು ಸ್ವಲ್ಪ ಇದ್ದರೂ ಹೆಚ್ಚಿನದು ಬರೀ ಲೆಕ್ಕ. ಪ್ರತಿ ಮನೆಗೂ ಆ ವರ್ಷ ಇಷ್ಟೇ ಜನ ಎಂಬ ಕ್ವೋಟಾ ಇರುತ್ತದೆ. ಫಸ್ಟ್ ಇಯರ್ ಹುಡುಗಿ ನಾಲ್ಕು ವರ್ಷ ಚಂದಾ ಕಟ್ಟುತ್ತಾಳೆ, ಎರಡನೇ ವರ್ಷ ಮನೆಯಲ್ಲಿ ವಾಸ ಮಾಡುತ್ತಾಳೆ, ಮೂರನೇ ವರ್ಷ ಅಧ್ಯಕ್ಷೆಯೋ ಖಜಾಂಚಿಯೋ ಆಗುತ್ತಾಳೆ. ಜೂನಿಯರ್ ಎರಡೇ ವರ್ಷಕ್ಕೆ ಹೊರಟುಹೋಗುತ್ತಾಳೆ. ಇದಕ್ಕೆ ಪರಿಹಾರವಾಗಿ ಕೆಲವು ಕ್ಯಾಂಪಸ್‌ಗಳು ಮೇಲಿನ ವರ್ಷದವರಿಗೆ ಬೇರೆಯೇ ಕ್ವೋಟಾ ಇಟ್ಟಿವೆ. ಅಲ್ಲಿ ನೀವು ಹದಿನೆಂಟರ ಹುಡುಗಿಯ ಸೀಟಿಗೆ ಪೈಪೋಟಿ ಮಾಡಬೇಕಿಲ್ಲ. ನಿಮ್ಮ ಕ್ಯಾಂಪಸ್ಸಿನಲ್ಲಿ ಅದು ಇದೆಯಾ ಅಂತ ಅದೇ ಮೇಲ್‌ನಲ್ಲಿ ಕೇಳಿಬಿಡಿ. ನನ್ನನ್ನು ಕೇಳಿದರೆ, ಟ್ರಾನ್ಸ್‌ಫರ್ ಹುಡುಗಿಗೆ ಇದಕ್ಕಿಂತ ಬೆಲೆಯುಳ್ಳ ಪ್ರಶ್ನೆ ಇನ್ನೊಂದಿಲ್ಲ.

ಎಲ್ಲವೂ ಲೆಕ್ಕ ಎಂದರೆ ಅದೂ ತಪ್ಪಾಗುತ್ತದೆ. 2013ರಲ್ಲಿ ಅಲಬಾಮಾ ಯೂನಿವರ್ಸಿಟಿಯ ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಪ್ರಕಟಿಸಿತು. ಅತ್ಯುತ್ತಮ ಅಂಕಗಳಿದ್ದ ಕಪ್ಪು ಹುಡುಗಿಯೊಬ್ಬಳನ್ನು ಅಲ್ಲಿನ ಸೊರೊರಿಟಿಗಳು ಕೈಬಿಟ್ಟಿದ್ದವು. ಹಳೆಯ ಸದಸ್ಯೆಯರು ಒತ್ತಡ ಹಾಕಿದರೆಂದು ಒಳಗಿನ ಹುಡುಗಿಯರೇ ಹೇಳಿದ್ದರು. ದೇಶದಾದ್ಯಂತ ಗದ್ದಲವಾದ ಮೇಲೆ ಯೂನಿವರ್ಸಿಟಿ ಮತ್ತೆ ಬಾಗಿಲು ತೆರೆಸಿತು, ಕಪ್ಪು ಹುಡುಗಿಯರಿಗೆ ಬಿಡ್ ಬಂತು. ಕಾಗದದ ಮೇಲಿನ ನಿಯಮವೇ ಪೂರ್ತಿ ಸತ್ಯ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಹಿಂಬಾಗಿಲಲ್ಲ, ಪಕ್ಕದ ಬಾಗಿಲು

ಆಗಸ್ಟ್‌ನ ಜಾತ್ರೆ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಜಾಗ ಉಳಿದಿರುತ್ತದೆ. ಅವರು ವರ್ಷವಿಡೀ ಸದ್ದಿಲ್ಲದೆ ಹೊಸಬರನ್ನು ಸೇರಿಸಿಕೊಳ್ಳಬಹುದು. ಇದಕ್ಕೆ ಕಂಟಿನ್ಯೂಯಸ್ ಓಪನ್ ಬಿಡ್ಡಿಂಗ್ ಎನ್ನುತ್ತಾರೆ. ಹುಡುಗಿಯರ ಬಾಯಲ್ಲಿ ಸಿಒಬಿ. ಇಲ್ಲಿ ಹಾಡು ಚಪ್ಪಾಳೆ ಇಲ್ಲ. ಕಾಫಿಗೆ ಕರೆಯುತ್ತಾರೆ, ಮನೆಯ ಊಟಕ್ಕೆ ಕರೆಯುತ್ತಾರೆ, ಒಂದೆರಡು ಸಲ ಕೂತು ಮಾತಾಡುತ್ತಾರೆ. ಹದಿನೈದು ನಿಮಿಷದಲ್ಲಿ ಹೇಳಲಾಗದ ಕಥೆ ಇರುವವಳಿಗೆ ಇದೇ ವಾಸಿ. ಅಷ್ಟರಲ್ಲಿ ಹೊಸ ಕಾಲೇಜಿನ ಜಿಪಿಎ ಕೂಡ ಕೈಗೆ ಬಂದಿರುತ್ತದೆ. ಒಂದು ಮಿತಿ ಇದೆ. ಎಲ್ಲ ಮನೆಗಳೂ ಇದನ್ನು ಮಾಡುವುದಿಲ್ಲ. ಬಹಳ ಬೇಡಿಕೆ ಇರುವ ಮನೆ ಆಗಸ್ಟ್‌ನಲ್ಲೇ ತುಂಬಿಹೋಗಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಆಗಸ್ಟ್‌ನ ಕೊನೆಯ ಸುತ್ತಿನಲ್ಲಿ ನೀವು ಸಹಿ ಹಾಕುವ ಪತ್ರ ಬರೀ ಇಷ್ಟದ ಪಟ್ಟಿ ಅಲ್ಲ, ಒಪ್ಪಂದ. ಪಟ್ಟಿಯಲ್ಲಿ ಬರೆದ ಮನೆಯಿಂದ ಬಿಡ್ ಬಂದು ನೀವು ಬೇಡ ಅಂದರೆ, ಅದೇ ಕ್ಯಾಂಪಸ್ಸಿನ ಬೇರೆ ಪ್ಯಾನ್‌ಹೆಲೆನಿಕ್ ಮನೆಗೆ ಮುಂದಿನ ವರ್ಷದ ರಿಕ್ರೂಟ್‌ಮೆಂಟ್‌ವರೆಗೆ ಸೇರುವಂತಿಲ್ಲ. ಫಸ್ಟ್ ಇಯರ್ ಹುಡುಗಿ ಒಂದು ವರ್ಷ ಕಾಯಬಹುದು. ಜೂನಿಯರ್‌ಗೆ ಆ ಒಂದು ವರ್ಷವೇ ಅರ್ಧ ಕಾಲೇಜು. ಮನಸ್ಸಿಲ್ಲದ ಮನೆಯ ಹೆಸರನ್ನು ‘ಇರಲಿ’ ಅಂತ ಬರೆಯಬೇಡಿ. ಯಾವ ಮನೆಯೂ ಸಿಗದೆ ಹೊರಗೆ ಬಂದವಳಿಗೆ ಈ ತಡೆ ಇಲ್ಲ, ಅವಳು ಮಾರನೇ ದಿನವೇ ಸಿಒಬಿಗೆ ಹೋಗಬಹುದು.

ಮಾತಿನಲ್ಲಿ ಹಿನ್ನೆಲೆಯನ್ನು ಮುಚ್ಚಿಡಬೇಕಾ? ಬೇಡ. ಹಾಗಂತ ತಪ್ಪೊಪ್ಪಿಗೆಯ ಧಾಟಿಯಲ್ಲಿ ಹೇಳಲೂಬೇಡಿ. ‘ಹಣದ ತೊಂದರೆ ಇತ್ತು, ಹಾಗಾಗಿ ಕಮ್ಯುನಿಟಿ ಕಾಲೇಜು...’ ಎಂದು ಶುರುಮಾಡಿದರೆ ಎದುರಿನ ಇಪ್ಪತ್ತರ ಹುಡುಗಿಗೆ ಏನು ಹೇಳಬೇಕೋ ತೋಚುವುದಿಲ್ಲ. ‘ಎರಡು ವರ್ಷ ಕೆಲಸ ಮಾಡುತ್ತ ಓದಿದೆ, ಅಲ್ಲಿ ಟ್ಯೂಟರ್ ಆಗಿದ್ದೆ, ಈಗ ಇಲ್ಲಿ ಬಯಾಲಜಿ’ ಅಂದರೆ ಅವಳು ಮುಂದಿನ ಪ್ರಶ್ನೆ ತಾನೇ ಕೇಳುತ್ತಾಳೆ. ಬೇರೆಯವರಿಗೆ ಹೇಳಲು ಹೈಸ್ಕೂಲಿನ ಪ್ರಾಮ್ ನೃತ್ಯಕೂಟ ಇದ್ದರೆ ನಿಮಗೆ ಹೇಳಲು ಕೆಲಸ, ಪಾಠ, ಊರು ಇದೆ.

ಬೇರೆ ಮನೆಗಳು, ಬೇರೆ ಕ್ರಮ

ಇಲ್ಲಿವರೆಗೆ ಹೇಳಿದ್ದು ಪ್ಯಾನ್‌ಹೆಲೆನಿಕ್ ಮನೆಗಳ ವಿಷಯ. ಕಪ್ಪು ಮಹಿಳೆಯರು ಕಟ್ಟಿದ ನಾಲ್ಕು ಸೊರೊರಿಟಿಗಳ ಕ್ರಮವೇ ಬೇರೆ. ಅವುಗಳಲ್ಲಿ ಮೊದಲನೆಯದು 1908ರಲ್ಲಿ ಹೊವಾರ್ಡ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ, ಕಮಲಾ ಹ್ಯಾರಿಸ್ ಸೇರಿದ್ದು ಇದನ್ನೇ. ಇಲ್ಲಿ ಮೊದಲು ಕಾಲೇಜಿನಲ್ಲಿ ಓದಿ ಕ್ರೆಡಿಟ್ ತೋರಿಸಬೇಕು, ಆಮೇಲೆ ಸದಸ್ಯತ್ವದ ಮಾತು. ಮೊದಲ ದಿನವೇ ಬಂದವರನ್ನು ಸೇರಿಸುವ ಪದ್ಧತಿ ಇಲ್ಲ. ಡಿಗ್ರಿ ಮುಗಿದ ಮೇಲೂ ಸೇರಲು ಪದವೀಧರರ ಚಾಪ್ಟರ್‌ಗಳು, ಅಂದರೆ ಶಾಖೆಗಳು, ಇವೆ. ಹಾಗಾಗಿ ತಡವಾಗಿ ಓದಿದವರು ಇಲ್ಲಿ ಹೊರಗಿನವರಾಗುವುದಿಲ್ಲ.

ನಮ್ಮ ಹುಡುಗಿಯರಿಗೆ ಇನ್ನೂ ಹತ್ತಿರದ್ದು ದಕ್ಷಿಣ ಏಷ್ಯಾದ ಸೊರೊರಿಟಿಗಳು. ಟೆಕ್ಸಾಸ್ ಯೂನಿವರ್ಸಿಟಿಯ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಕಪ್ಪಾ ಫೈ ಗಾಮಾ, ಹೂಸ್ಟನ್ ಯೂನಿವರ್ಸಿಟಿಯಲ್ಲಿ ಡೆಲ್ಟಾ ಫೈ ಒಮೇಗಾ, ಎರಡೂ 1998ರಲ್ಲೇ ಶುರುವಾದವು. ಚಾಪ್ಟರ್‌ಗಳು ಚಿಕ್ಕವು. ದೊಡ್ಡ ಮನೆ, ಅಡುಗೆಯವರು ಸಾಮಾನ್ಯವಾಗಿ ಇರುವುದಿಲ್ಲ, ಖರ್ಚೂ ಕಡಿಮೆ. ಎಂಜಿನಿಯರಿಂಗ್ ಓದುವವರಿಗೆ 1983ರಲ್ಲಿ ಮಾರ್ಕೆಟ್ (Marquette) ಯೂನಿವರ್ಸಿಟಿಯಲ್ಲಿ ಶುರುವಾದ ಆಲ್ಫಾ ಒಮೇಗಾ ಎಪ್ಸಿಲಾನ್, 1984ರಲ್ಲಿ ಪರ್ಡ್ಯೂನಲ್ಲಿ ಶುರುವಾದ ಫೈ ಸಿಗ್ಮಾ ರೋ ಇವೆ. ಇಡ್ಲಿ ಗೊತ್ತಿರುವವರು ಅಂತ ಮಾತ್ರಕ್ಕೆ ಒಂದನ್ನು ಆರಿಸಬೇಡಿ. ಅಲ್ಲಿನ ಹುಡುಗಿಯರ ಜೊತೆ ಎರಡು ಸಲ ಕೂತು ನೋಡಿ.

ಯಾವ ಸಂಘವೇ ಆಗಲಿ, ಹೇಜಿಂಗ್ ಬಗ್ಗೆ ತಂದೆತಾಯಿ ಕೇಳುವುದು ಸರಿಯೇ. ನಮ್ಮಲ್ಲಿ ರ‍್ಯಾಗಿಂಗ್ ಅನ್ನುವುದರ ಅಣ್ಣ ಅದು. 2024ರ ಡಿಸೆಂಬರಿನಲ್ಲಿ ಬಂದ ಅಮೆರಿಕದ ಕೇಂದ್ರ ಕಾನೂನಿನಂತೆ, ತಪ್ಪು ಸಾಬೀತಾದ ವಿದ್ಯಾರ್ಥಿ ಸಂಘಗಳ ವರದಿಯನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಸೇರುವ ಮುಂಚೆ ಆ ಹೆಸರು ಅಲ್ಲಿದೆಯಾ ನೋಡಿ.

ಕೊನೆಗೆ ದುಡ್ಡು. ಸೆಮಿಸ್ಟರಿಗೆ ಕೆಲವು ನೂರು ಡಾಲರ್‌ನಿಂದ ಹಿಡಿದು ದಕ್ಷಿಣದ ದೊಡ್ಡ ಮನೆಗಳಲ್ಲಿ ಕೆಲವು ಸಾವಿರದವರೆಗೆ ಆಗುತ್ತದೆ. ಮೊದಲ ವರ್ಷ ಸೇರ್ಪಡೆ, ದೀಕ್ಷೆ, ಬ್ಯಾಡ್ಜ್ ಅಂತ ಒಂದು ಸಲದ ಖರ್ಚೂ ಇರುತ್ತದೆ. ನಾಲ್ಕು ವರ್ಷ ಇರುವವಳಿಗೆ ಅದು ಹರಡಿಹೋಗುತ್ತದೆ, ಎರಡು ವರ್ಷ ಇರುವವಳಿಗೆ ಭಾರ. ಎಫ್-1 ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕಿಂತ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಬಾಡಿಗೆ ವಿಷಯದಲ್ಲಿ. ಕೆಲವು ಮನೆಗಳು ಸದಸ್ಯೆಯರು ಒಂದು ವರ್ಷವಾದರೂ ಅಲ್ಲೇ ಇರಬೇಕು ಎನ್ನುತ್ತವೆ. ಟ್ರಾನ್ಸ್‌ಫರ್ ಹುಡುಗಿ ಅಷ್ಟರಲ್ಲಿ ಹನ್ನೆರಡು ತಿಂಗಳ ಲೀಸಿಗೆ ಸಹಿ ಹಾಕಿಯಾಗಿರುತ್ತದೆ. ಎರಡು ಕಡೆ ಬಾಡಿಗೆ ಕಟ್ಟುವ ಪರಿಸ್ಥಿತಿ ಬಾರದಿರಬೇಕೆಂದರೆ, ಬಿಡ್ ಒಪ್ಪಿಕೊಳ್ಳುವ ಮುಂಚೆ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಪೂರ್ತಿ ಖರ್ಚಿನ ಪಟ್ಟಿ, ಮತ್ತು ಜೂನಿಯರ್ ಆಗಿ ಸೇರುವವಳಿಗೆ ಮನೆಯಲ್ಲಿ ಇರುವ ಕಡ್ಡಾಯದಿಂದ ವಿನಾಯಿತಿ ಸಿಗುತ್ತದೆಯೇ ಎಂಬ ಉತ್ತರ.